ಮೀನಿನ ಟ್ಯಾಂಕಿಗೆ ಸಂಪ್: ಮೊದಲು ಇಳಿಯುವ ಪೈಪ್, ಆಮೇಲೆ ಪಂಪ್

ಮೀನಿನ ಟ್ಯಾಂಕ್ ಕೆಳಗೆ ಸಂಪ್ ಕೂರಿಸಬೇಕು, ಪೈಪ್ ಜೋಡಿಸಿಕೊಡಿ ಎಂದು ನಮ್ಮ ಪ್ಲಂಬರ್‌ಗೆ ಹೇಳಿದಾಗ ಅವರು ಎರಡು ಸಲ ಕೇಳಿದರು. "ಸಂಪಾ? ಮೀನಿಗಾ ಸಾರ್?" ಅವರದೇನೂ ತಪ್ಪಿಲ್ಲ. ನಮ್ಮ ಕಡೆ ಸಂಪ್ ಅಂದರೆ ಗೇಟಿನ ಪಕ್ಕ ಮುಚ್ಚಳ ಹಾಕಿರುವ ನೆಲದಡಿಯ ನೀರಿನ ತೊಟ್ಟಿ. ನಾನು ಕಪಾಟಿನ ಬಾಗಿಲು ತೆಗೆದು ಕೆಳಗಿನ ಚಿಕ್ಕ ಗಾಜಿನ ಟ್ಯಾಂಕ್ ತೋರಿಸಿದೆ. ಮೇಲಿನ ನೀರು ಇಲ್ಲಿಗೆ ಇಳಿಯುತ್ತದೆ, ಸ್ಪಂಜು, ಫಿಲ್ಟರ್ ಕಲ್ಲುಗಳ ಮೂಲಕ ಹಾದು ಶುದ್ಧವಾಗುತ್ತದೆ, ಪಂಪ್ ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ ಎಂದೆ. ಗಂಟೆಗೆ 3000 ಲೀಟರ್ ಎಂದು ಬರೆದಿದ್ದ ಪಂಪಿನ ಡಬ್ಬವನ್ನೂ ತೋರಿಸಿದೆ.

ಅವರು ಡಬ್ಬ ನೋಡಲಿಲ್ಲ. ಮೇಲಿನ ಟ್ಯಾಂಕಿನಲ್ಲಿದ್ದ ಒಂದೇ ಒಂದು ತೂತಿಗೆ ಬೆರಳಿಟ್ಟು ಹೇಳಿದರು: "ಒಳಗೆ ಬರೋ ಪೈಪಿಗಿಂತ ಓವರ್‌ಫ್ಲೋ ಪೈಪ್ ಒಂದು ಸೈಜ್ ಜಾಸ್ತಿ ಇರ್ಬೇಕು ಸಾರ್. ಓವರ್‌ಹೆಡ್ ಟ್ಯಾಂಕಿಗೂ ಅದೇ ಲೆಕ್ಕ."

ನಾನು ಕೇಳಲಿಲ್ಲ. ಮೂರನೇ ವಾರ, ಬೆಳಗಿನ ಜಾವ ಎದ್ದು ಹಾಲಿಗೆ ಬಂದರೆ ಕಾಲಿಗೆ ನೀರು. ವ್ಯಾಲಿಸ್ನೇರಿಯಾ ಎಂಬ ನೀರುಗಿಡದ ಉದ್ದನೆಯ ಎಲೆಯೊಂದು ಕಿತ್ತು ತೇಲಿ ಬಂದು ಪೈಪಿನ ಬಾಯಿಗೆ ಸುತ್ತಿಕೊಂಡಿತ್ತು. ನೆಲಕ್ಕೆ ಬಿದ್ದಿದ್ದು ಹತ್ತು ಹನ್ನೆರಡು ಲೀಟರ್ ಇರಬಹುದು, ಅಷ್ಟೇ. ಆದರೆ ಹತ್ತು ಲೀಟರ್ ನೀರು ನೆಲದ ಮೇಲೆ ಎಷ್ಟು ದೂರ ಹೋಗುತ್ತದೆ ಎನ್ನುವುದು ಒರೆಸಿದವರಿಗೇ ಗೊತ್ತು. ಪ್ಲೈವುಡ್ ಸ್ಟ್ಯಾಂಡಿನ ಒಂದು ಕಾಲು ಉಬ್ಬಿ, ಬಾಗಿಲು ಇವತ್ತಿಗೂ ಸರಿಯಾಗಿ ಮುಚ್ಚುವುದಿಲ್ಲ.

ಹೆಚ್ಚಿನವರು ಮಾಡುವ ತಪ್ಪನ್ನೇ ನಾನೂ ಮಾಡಿದ್ದೆ. ಮೊದಲು ಪಂಪ್ ಕೊಂಡು, ಆಮೇಲೆ ಅದಕ್ಕೆ ತಕ್ಕ ಡ್ರೈನ್ ಹುಡುಕಿದ್ದೆ. ಪಂಪನ್ನು ನಾಳೆ ಬದಲಿಸಬಹುದು. ಗಾಜಿಗೆ ಕೊರೆದ ತೂತನ್ನು ಬದಲಿಸಲಾಗದು. ಹಾಗಾಗಿ ಇಲ್ಲಿ ಇಳಿಯುವ ದಾರಿಯಿಂದಲೇ ಶುರು ಮಾಡುತ್ತೇನೆ. ಉದಾಹರಣೆಗೆ ನನ್ನದೇ ಟ್ಯಾಂಕ್: 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಸೆಂಟಿಮೀಟರಿನಲ್ಲಿ 120, 45, 45. ಲೆಕ್ಕಕ್ಕೆ 243 ಲೀಟರ್. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾದ ನೀರು 200 ಲೀಟರ್ ಆಸುಪಾಸು.

ಎಷ್ಟು ಹರಿವು ಬೇಕು

ಸಂಪ್ ಮೂಲಕ ಗಂಟೆಗೆ ಟ್ಯಾಂಕಿನ ನೀರಿನ ಐದಾರು ಪಟ್ಟು ಹರಿದರೆ ಸಿಹಿನೀರಿನ ಟ್ಯಾಂಕಿಗೆ ಧಾರಾಳ. ನನ್ನ ಲೆಕ್ಕಕ್ಕೆ ಗಂಟೆಗೆ 1000ದಿಂದ 1200 ಲೀಟರ್. ಏಂಜೆಲ್, ಡಿಸ್ಕಸ್‌ನಂಥ ನಿಧಾನದ ಮೀನುಗಳಿಗೆ ಅದಕ್ಕಿಂತ ಕಡಿಮೆಯಾದರೂ ನಡೆಯುತ್ತದೆ. ಹವಳ ಸಾಕುವವರಿಗೆ ನೀರಿನ ಓಡಾಟ ತುಂಬಾ ಬೇಕು, ನಿಜ. ಆದರೆ ಅದನ್ನು ಟ್ಯಾಂಕಿನೊಳಗೆ ಕೂರಿಸುವ ವೇವ್‌ಮೇಕರ್ ಕೊಡುತ್ತದೆ. ಸಂಪ್ ಮೂಲಕ ಅವರಿಗೂ ಮೂರರಿಂದ ಐದು ಪಟ್ಟು ಸಾಕು.

ಹತ್ತು ಪಟ್ಟು, ಹದಿನೈದು ಪಟ್ಟು ಎಂದು ಸುಮ್ನೆ ಏರಿಸಿದರೆ ಸಿಗುವುದು ಸದ್ದು, ಗುಳ್ಳೆ ಮತ್ತು ಕರೆಂಟ್ ಬಿಲ್. ಗಿಡದ ಟ್ಯಾಂಕಿಗೆ ಕಾರ್ಬನ್ ಡೈಆಕ್ಸೈಡ್ ಬಿಡುವವರಿಗೆ ಇನ್ನೊಂದು ನಷ್ಟವೂ ಇದೆ. ನೀರು ಗಾಳಿಯ ಜೊತೆ ಕಲಸಿಕೊಂಡು ಇಳಿದಷ್ಟೂ ದುಡ್ಡು ಕೊಟ್ಟು ತಂದ ಗ್ಯಾಸ್ ಹಾರಿಹೋಗುತ್ತದೆ.

ಇಳಿಯುವ ದಾರಿ: ಒಂದು, ಎರಡು, ಮೂರು ಪೈಪ್

ಒಂದೇ ಪೈಪಿನ ಪದ್ಧತಿಯಲ್ಲಿ ಹೆಸರಾಗಿರುವುದು ಡರ್ಸೊ. ಓವರ್‌ಫ್ಲೋ ಬಾಕ್ಸಿನೊಳಗೆ, ಅಂದರೆ ಮೇಲಿನ ಟ್ಯಾಂಕಿನ ಹೆಚ್ಚುವರಿ ನೀರು ಬಂದು ಬೀಳುವ ಚಿಕ್ಕ ಖಾನೆಯೊಳಗೆ ನಿಂತ ಪೈಪ್. ಅದರ ತಲೆಗೆ T ಆಕಾರದ ಫಿಟ್ಟಿಂಗ್ ಆದ ಒಂದು ಟೀ, ಟೀಯ ಅಡ್ಡ ಬಾಯಿಗೆ ಕೆಳಗೆ ಮುಖ ಮಾಡಿದ ಎಲ್ಬೋ (ಬಾಗಿದ ಫಿಟ್ಟಿಂಗ್), ಮೇಲಿನ ಎಂಡ್ ಕ್ಯಾಪಿನಲ್ಲಿ ಗಾಳಿಗೆ ಒಂದು ಚಿಕ್ಕ ತೂತು. ನೀರು ಪೈಪಿನ ಗೋಡೆಗೆ ಅಂಟಿಕೊಂಡು ಇಳಿಯುತ್ತದೆ, ನಡುವೆ ಗಾಳಿ ಇರುತ್ತದೆ. ಹಾಗಾಗಿ ಪೈಪಿನ ಪೂರ್ತಿ ಶಕ್ತಿ ಬಳಕೆಯಾಗುವುದಿಲ್ಲ. 1 ಇಂಚಿನ ಡರ್ಸೊದಲ್ಲಿ ಗಂಟೆಗೆ ಸುಮಾರು 1100 ಲೀಟರ್‌ವರೆಗೆ ಸದ್ದಿಲ್ಲದೆ ಇಳಿಯುತ್ತದೆ. ಅದರ ಮೇಲೆ ಹೋದರೆ ಗೊಳಗೊಳ ಶುರು. ಒಂದೂವರೆ ಇಂಚಿನದಾದರೆ 2500 ಲೀಟರ್ ಹತ್ತಿರ ತಡೆಯುತ್ತದೆ. ಕಟ್ಟುವುದು ಸುಲಭ, ಖರ್ಚೂ ಕಡಿಮೆ. ಆದರೆ ಇದ್ದಿದ್ದು ಒಂದೇ ಪೈಪ್. ಅದು ಕಟ್ಟಿಕೊಂಡರೆ ನನ್ನ ಪ್ಲೈವುಡ್ಡಿನ ಗತಿ.

ಎರಡು ಪೈಪಿನದು ಹರ್ಬಿ. ಇದರಲ್ಲಿ ಮುಖ್ಯ ಪೈಪಿನ ಬಾಯಿ ಯಾವಾಗಲೂ ನೀರಿನಡಿ ಇರುತ್ತದೆ, ಗಾಳಿಗೆ ಜಾಗವೇ ಇಲ್ಲ. ಬೈಕಿನಿಂದ ಪೆಟ್ರೋಲ್ ಎಳೆಯಲು ಪೈಪಿಟ್ಟು ಬಾಯಲ್ಲಿ ಸೆಳೆಯುತ್ತಾರಲ್ಲ, ಅದೇ ಸೈಫನ್. ಗಾಳಿ ಇಲ್ಲದ್ದರಿಂದ ಸದ್ದಿಲ್ಲ, ಮತ್ತು ಪೈಪಿನ ತಾಕತ್ತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. 75 ಸೆಂ.ಮೀ. ಎತ್ತರದಿಂದ ಇಳಿಯುವ, ಒಂದೆರಡು ಎಲ್ಬೋ ಇರುವ 1 ಇಂಚಿನ ಪೈಪ್ ಗಂಟೆಗೆ 3000 ಲೀಟರ್ ಮೇಲೆ ಇಳಿಸುತ್ತದೆ. ಅಂದರೆ ಅದೇ ಪೈಪ್, ಡರ್ಸೊದ ಸುಮಾರು ಮೂರು ಪಟ್ಟು. ಅಷ್ಟು ನಮಗೆ ಬೇಡ, ಆದ್ದರಿಂದ ಕೆಳಗೊಂದು ವಾಲ್ವ್ ಹಾಕಿ, ಪಂಪ್ ಏರಿಸುವಷ್ಟೇ ಇಳಿಯುವಂತೆ ತಿರುಗಿಸಿ ನಿಲ್ಲಿಸಬೇಕು. ಎರಡನೇ ಪೈಪ್ ಆಪತ್ತಿಗೆ. ಅದರ ಬಾಯಿ ಬಾಕ್ಸಿನ ಮಾಮೂಲಿ ನೀರಿನ ಮಟ್ಟಕ್ಕಿಂತ ಎರಡು ಮೂರು ಸೆಂ.ಮೀ. ಮೇಲೆ, ಟ್ಯಾಂಕಿನ ಅಂಚಿಗಿಂತ ಕೆಳಗೆ ಇರಬೇಕು. ಅದಕ್ಕೆ ವಾಲ್ವ್ ಹಾಕಬಾರದು, ಜಾಲರಿ ಹಾಕಬಾರದು. ಮುಖ್ಯ ಪೈಪ್ ಕಟ್ಟಿಕೊಂಡರೆ ಪಂಪಿನ ಪೂರ್ತಿ ನೀರನ್ನು ಇದೊಂದೇ ಇಳಿಸುವಷ್ಟು ದಪ್ಪ ಇರಬೇಕು.

ಹರ್ಬಿಯ ಕಿರಿಕಿರಿ ಆ ವಾಲ್ವ್‌ನಲ್ಲೇ ಇದೆ. ಬಾಲ್ ವಾಲ್ವ್ ಹಿಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಬಾಕ್ಸಿನ ನೀರು ಏರುತ್ತದೆ, ಇಲ್ಲವೇ ಇಳಿಯುತ್ತದೆ. ಗೇಟ್ ವಾಲ್ವ್ ಆದರೆ ನಾಜೂಕಾಗಿ ಹೊಂದಿಸಬಹುದು. ಆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಗೇಟ್ ವಾಲ್ವ್ ಕೇಳಿದರೆ ಹಿತ್ತಾಳೆಯದು ಕೊಡುತ್ತಾರೆ. ಹಿತ್ತಾಳೆಯಲ್ಲಿ ತಾಮ್ರವಿದೆ, ಸಿಗಡಿ ಮತ್ತು ಹವಳಕ್ಕೆ ತಾಮ್ರ ವಿಷ. ಪ್ಲಾಸ್ಟಿಕ್ಕಿನದು ಸಿಗದಿದ್ದರೆ ಬಾಲ್ ವಾಲ್ವನ್ನೇ ಹಾಕಿ, ತಾಳ್ಮೆಯಿಂದ ತಿರುಗಿಸಿ.

ಮೂರು ಪೈಪಿನದನ್ನು ಬೀನ್ ಅನಿಮಲ್ ಎನ್ನುತ್ತಾರೆ. ವಿಚಿತ್ರ ಹೆಸರು, ಅದನ್ನು ಬಳಕೆಗೆ ತಂದ ಅಮೆರಿಕದ ಹವ್ಯಾಸಿಯೊಬ್ಬರ ಅಡ್ಡಹೆಸರು. ಒಂದು ಪೈಪ್ ಪೂರ್ತಿ ಸೈಫನ್. ಇನ್ನೊಂದು ಡರ್ಸೊದಂತೆ ಗಾಳಿ ಇರುವಂಥದ್ದು, ಸೈಫನ್‌ಗೆ ಮಿಕ್ಕ ಚೂರುಪಾರು ನೀರನ್ನು ಇಳಿಸುತ್ತದೆ. ಮೂರನೆಯದು ಒಣಗಿಯೇ ಇರುವ ಆಪತ್ತಿನ ಪೈಪ್. ಎರಡನೆಯದು ಹೆಚ್ಚುಕಡಿಮೆಯನ್ನು ತಾನೇ ಸರಿದೂಗಿಸುವುದರಿಂದ ವಾಲ್ವ್ ಜೊತೆ ಗುದ್ದಾಡಬೇಕಿಲ್ಲ. ಕರೆಂಟ್ ಹೋಗಿ ಬಂದಾಗಲೂ ತಾನಾಗಿ ಹೊಂದಿಕೊಳ್ಳುತ್ತದೆ. ಇಷ್ಟು ಭದ್ರವಾದದ್ದು ಬೇರೆ ಇಲ್ಲ. ಆದರೆ ಮೂರು ತೂತು, ಮೂರು ಪೈಪ್, ಅದಕ್ಕೆ ತಕ್ಕ ಬಾಕ್ಸ್ ಬೇಕು. 4 ಅಡಿಯ ಸಿಹಿನೀರಿನ ಟ್ಯಾಂಕಿಗೆ ಇದು ಸ್ವಲ್ಪ ಜಾಸ್ತಿಯೇ. 5–6 ಅಡಿಯ ಟ್ಯಾಂಕ್, ಅಥವಾ ದುಬಾರಿ ಹವಳದ ಟ್ಯಾಂಕ್ ಆದರೆ ಯೋಚನೆಯನ್ನೇ ಮಾಡದೆ ಇದನ್ನು ಹಾಕಿಸಿ.

ನನ್ನ ಆಯ್ಕೆ ಕೇಳಿದರೆ, ಗಾಜು ಕೊರೆಸುವ ಹಾಗಿದ್ದರೆ ಎರಡು ತೂತಿಗಿಂತ ಕಡಿಮೆ ಕೊರೆಸಲೇಬೇಡಿ. ಎರಡೂ ಒಂದೇ ಅಳತೆಯವು. ಹರ್ಬಿಯಂತೆ ಓಡಿಸಿ, ವಾಲ್ವ್ ಬೇಜಾರಾದರೆ ಮುಖ್ಯ ಪೈಪಿಗೆ ಡರ್ಸೊ ತಲೆ ಹಾಕಿ. ಹರಿವು ತುಸು ಕಡಿಮೆ ಮಾಡಿದರಾಯಿತು. ಆಪತ್ತಿನ ಪೈಪ್ ಹೇಗೂ ಇರುತ್ತದೆ.

ಯಾವ ಪದ್ಧತಿಯಾದರೂ ಸರಿ, ಸೈಫನ್ ಪೈಪಿನ ಕೆಳತುದಿ ಸಂಪಿನ ನೀರಿನಲ್ಲಿ ಎರಡು ಮೂರು ಸೆಂ.ಮೀ. ಮಾತ್ರ ಮುಳುಗಿರಲಿ. ಜಾಸ್ತಿ ಮುಳುಗಿಸಿದರೆ ಕರೆಂಟ್ ಬಂದಾಗ ಪೈಪಿನೊಳಗಿನ ಗಾಳಿ ಹೊರಗೆ ಹೋಗಲಾರದೆ ಸೈಫನ್ ಶುರುವಾಗುವುದಿಲ್ಲ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನವರು ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಬಹುದು.

ಕೊರೆಯಲು ಆಗದಿದ್ದರೆ

ಟಫನ್ಡ್ ಗಾಜಿಗೆ ಡ್ರಿಲ್ ಇಟ್ಟರೆ ಪುಡಿಪುಡಿಯಾಗುತ್ತದೆ, ಪ್ರಯತ್ನವೇ ಬೇಡ. ಸಾದಾ ಗಾಜಾದರೂ ಮೀನಿರುವ ಟ್ಯಾಂಕನ್ನು ಕೊರೆಸುವುದು ಯಾರಿಗೆ ಬೇಕು? ಅಂಥವರು ಅಂಚಿನ ಮೇಲಿಂದ ಹಾಯುವ ಪಿವಿಸಿ ಪೈಪಿನ ಓವರ್‌ಫ್ಲೋ ಮಾಡಿಕೊಳ್ಳುತ್ತಾರೆ. ಕೆಲಸ ಮಾಡುತ್ತದೆ. ಆದರೆ ಅಂಚಿನ ಮೇಲಿನ ಬಾಗಿನಲ್ಲಿ ಚಿಕ್ಕ ಚಿಕ್ಕ ಗಾಳಿಗುಳ್ಳೆ ಸೇರುತ್ತಾ ಸೇರುತ್ತಾ ಒಂದು ದಿನ ಸೈಫನ್ ಕಡಿದುಹೋಗುತ್ತದೆ. ಇಳಿಯುವುದು ನಿಂತಿತು, ಪಂಪ್ ಮಾತ್ರ ಏರಿಸುತ್ತಲೇ ಇದೆ. ಬಾಡಿಗೆ ಮನೆ, ಮೇಲಿನ ಮಹಡಿ, ಕೆಳಗೆ ಓನರ್ ಎಂದಾದರೆ ನಾನು ಸಂಪಿನ ಆಸೆ ಬಿಟ್ಟು, ಮುಚ್ಚಿದ ಡಬ್ಬದಂಥ ಕ್ಯಾನಿಸ್ಟರ್ ಫಿಲ್ಟರ್ ಕೊಳ್ಳುತ್ತೇನೆ.

ಕೊರೆಸುವವರಿಗೆ ಒಂದು ಮಾತು. ಗಾಜಿನ ತೂತಿಗೆ ಕೂರಿಸಿ ಪೈಪ್ ಜೋಡಿಸುವ ಫಿಟ್ಟಿಂಗಿಗೆ ಟ್ಯಾಂಕ್ ನಿಪ್ಪಲ್ ಎನ್ನುತ್ತಾರೆ. 1 ಇಂಚಿನ ನಿಪ್ಪಲ್‌ಗೆ 1 ಇಂಚಿನ ತೂತು ಸಾಲದು. ಅದರ ತಿರುಪಿನ (ಥ್ರೆಡ್) ಭಾಗ ಅದಕ್ಕಿಂತ ಎಷ್ಟೋ ದಪ್ಪ. ನಿಪ್ಪಲನ್ನೇ ಕೈಯಲ್ಲಿ ಹಿಡಿದುಕೊಂಡು ಗಾಜಿನ ಅಂಗಡಿಗೆ ಹೋಗಿ. ತೂತಿನಿಂದ ಗಾಜಿನ ಅಂಚಿಗೆ ಕಡೇಪಕ್ಷ ತೂತಿನ ಅಗಲದಷ್ಟಾದರೂ ಜಾಗ ಬಿಡಿಸಿ. ಪೈಪಿನಲ್ಲೂ ಇದೇ ಗೊಂದಲ ಇದೆ. ತೋಟಕ್ಕೆ ಹಾಕುವ 25 ಎಂಎಂ ಪಿವಿಸಿ ಪೈಪಿನ ಹೊರ ಅಗಲ 25 ಎಂಎಂ. ಮನೆ ಪ್ಲಂಬಿಂಗಿನ 1 ಇಂಚಿನ ಯುಪಿವಿಸಿ ಪೈಪಿನ ಹೊರ ಅಗಲ 33 ಎಂಎಂ ಮೇಲಿದೆ. ಎರಡನ್ನೂ ಅಂಗಡಿಯವರು "ಒಂದಿಂಚು" ಎಂದೇ ಕೊಟ್ಟುಬಿಡಬಹುದು. ಒಂದರ ಫಿಟ್ಟಿಂಗ್ ಇನ್ನೊಂದಕ್ಕೆ ಕೂರುವುದಿಲ್ಲ.

ಪಂಪಿನ ಡಬ್ಬದ ಮೇಲಿನ ಲೆಕ್ಕ

ಡಬ್ಬದ ಮೇಲೆ ಎರಡು ಅಂಕಿ ಇರುತ್ತವೆ. ಒಂದು, ಗಂಟೆಗೆ ಎಷ್ಟು ಲೀಟರ್. ಇದು ನೀರನ್ನು ಒಂದಿಷ್ಟೂ ಮೇಲೆತ್ತದೆ ಇದ್ದಾಗಿನ ಲೆಕ್ಕ. ಇನ್ನೊಂದು, ಎಷ್ಟು ಮೀಟರ್ ಎತ್ತುತ್ತದೆ. ಇದು ಹರಿವು ಸೊನ್ನೆಯಾಗುವ ಎತ್ತರ. ಅಂದರೆ ಎರಡೂ ಒಟ್ಟಿಗೆ ಸಿಗುವುದಿಲ್ಲ. 2500 ಲೀಟರ್, 2.5 ಮೀಟರ್ ಎಂದಿದ್ದರೆ, ಅರ್ಧ ಎತ್ತರದಲ್ಲಿ ಸರಿಸುಮಾರು ಅರ್ಧ ನೀರು ಎಂದುಕೊಳ್ಳಿ. ಡಬ್ಬದಲ್ಲಿ ಗ್ರಾಫ್ ಕೊಟ್ಟಿದ್ದರೆ ಅದನ್ನೇ ನಂಬಿ.

ಎತ್ತರ ಅಳೆಯುವುದು ಪಂಪ್ ಇರುವ ಜಾಗದಿಂದಲ್ಲ, ಸಂಪಿನ ನೀರಿನ ಮಟ್ಟದಿಂದ. ನನ್ನಲ್ಲಿ ಸಂಪಿನ ನೀರಿನಿಂದ, ಟ್ಯಾಂಕಿನ ಅಂಚಿನ ಮೇಲೆ ಪೈಪ್ ಬಾಗುವ ಜಾಗಕ್ಕೆ 1 ಮೀಟರ್. ಇದರ ಮೇಲೆ ಪೈಪಿನೊಳಗಿನ ಉಜ್ಜಾಟ ಸೇರುತ್ತದೆ. ಇಲ್ಲೇ ಜನ ಮೋಸ ಹೋಗುವುದು.

2 ಮೀಟರ್ ಪೈಪ್, ನಾಲ್ಕು ಎಲ್ಬೋ, ಗಂಟೆಗೆ 1200 ಲೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕಿದೆ. ಒಳಗಡೆ 25 ಎಂಎಂ ಇರುವ ಪೈಪಿನಲ್ಲಿ ಉಜ್ಜಾಟಕ್ಕೆ ಹೋಗುವುದು ಸುಮಾರು 15 ಸೆಂ.ಮೀ. ಎತ್ತರದಷ್ಟು ಶಕ್ತಿ. 20 ಎಂಎಂ ಆದರೆ 40 ಸೆಂ.ಮೀ. 15 ಎಂಎಂ, ಅಂದರೆ ಅರ್ಧ ಇಂಚಿನ ಪೈಪ್ ಆದರೆ ಹತ್ತಿರ ಹತ್ತಿರ ಒಂದೂವರೆ ಮೀಟರ್! ಟ್ಯಾಂಕಿನ ಮೇಲೆ ಕಾಣದ ಇನ್ನೊಂದು ಟ್ಯಾಂಕ್ ಇಟ್ಟ ಹಾಗೆ. ಪಂಪಿನ ಬಾಯಿ ಅರ್ಧ ಇಂಚು ಇದೆ ಎಂದು ಪೂರ್ತಿ ಅರ್ಧ ಇಂಚಿನ ಪೈಪ್ ಎಳೆಯಬೇಡಿ. ಬಾಯಿಯ ಹತ್ತಿರವೇ ಎರಡು ಅಳತೆಯ ಪೈಪ್ ಜೋಡಿಸುವ ರೆಡ್ಯೂಸರ್ ಹಾಕಿ, ಅಲ್ಲಿಂದ ಮೇಲಕ್ಕೆ 1 ಇಂಚು ಒಯ್ಯಿರಿ. ದೊಡ್ಡ ಪಂಪಿಗೆ ಸುರಿಯುವ ದುಡ್ಡಿಗಿಂತ ದಪ್ಪ ಪೈಪಿನ ದುಡ್ಡು ಎಷ್ಟೋ ಕಡಿಮೆ.

ಹೀಗೆ ನನಗೆ ಬೇಕಿದ್ದದ್ದು 1.15 ಮೀಟರ್ ಎತ್ತರದಲ್ಲಿ 1200 ಲೀಟರ್. 2500 ಲೀಟರ್, 2.5 ಮೀಟರ್ ಪಂಪ್ ಅಲ್ಲಿ ಸುಮಾರು 1350 ಕೊಡುತ್ತದೆ. ಸ್ಪಂಜು ಕಟ್ಟಿದಾಗ, ಪೈಪಿಗೆ ಪಾಚಿ ಹಿಡಿದಾಗ ಸ್ವಲ್ಪ ಬೀಳುತ್ತದೆ, ಆಗ ಸರಿಹೋಗುತ್ತದೆ. ಆದರೆ ಡ್ರೈನ್ ಲೆಕ್ಕ ಹಾಕುವಾಗ ಬಿದ್ದ ಹರಿವನ್ನಲ್ಲ, ಹೊಸ ಪಂಪ್ ಪೂರ್ತಿ ಜೋರಿನಲ್ಲಿ ತಳ್ಳುವುದನ್ನು ಇಟ್ಟುಕೊಳ್ಳಬೇಕು. 1350 ಎಂದರೆ 1 ಇಂಚಿನ ಡರ್ಸೊ ಸಾಲದು, ಹರ್ಬಿಯ 1 ಇಂಚಿನ ಎರಡು ಪೈಪ್ ಸಾಕು. ನನ್ನ ಮೊದಲ 3000 ಲೀಟರ್ ಪಂಪಿಗೆ ಆ ಒಂದೇ ಪೈಪ್ ಯಾಕೆ ಏದುಸಿರು ಬಿಡುತ್ತಿತ್ತು ಎನ್ನುವುದು ಈಗ ಗೊತ್ತಾಗುತ್ತದಲ್ವಾ? ಎಲೆ ನೆಪ ಮಾತ್ರ.

ಎಸಿ ಪಂಪಾ, ಡಿಸಿ ಪಂಪಾ

ಎಸಿ ಪಂಪ್ ಸೀದಾ ಪ್ಲಗ್ಗಿಗೆ ಹಾಕುವಂಥದ್ದು. ಅಗ್ಗ, ಗಟ್ಟಿ, ಒಂದೇ ವೇಗ. ಹರಿವು ಜಾಸ್ತಿಯಾದರೆ ಹೊರಬಾಯಿಯ ಕಡೆ ವಾಲ್ವ್ ಹಾಕಿ ಕಡಿಮೆ ಮಾಡಬಹುದು. ನೀರು ಎಳೆಯುವ ಬಾಯಿಯನ್ನು ಮಾತ್ರ ಯಾವತ್ತೂ ಬಿಗಿ ಮಾಡಬಾರದು. ಡಿಸಿ ಪಂಪ್ ಹೆಚ್ಚಾಗಿ 24 ವೋಲ್ಟಿನದು, ಅಡಾಪ್ಟರ್ ಮತ್ತು ವೇಗ ಬದಲಿಸುವ ಕಂಟ್ರೋಲರ್ ಜೊತೆ ಬರುತ್ತದೆ. ಸದ್ದು ಕಡಿಮೆ, ಕರೆಂಟ್ ಕಡಿಮೆ, ಬೆಲೆ ಮಾತ್ರ ಜಾಸ್ತಿ.

ಬಿಲ್ ಲೆಕ್ಕ ನೋಡಿ. 60 ವ್ಯಾಟ್ ಪಂಪ್ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 43 ಯೂನಿಟ್. 25 ವ್ಯಾಟ್ ಆದರೆ 18. ಗೃಹಜ್ಯೋತಿಯಲ್ಲಿರುವ ಮನೆ 170–180 ಯೂನಿಟ್ಟಿನಲ್ಲಿ ಓಡುತ್ತಿದ್ದರೆ ಈ ಪಂಪ್ ಒಂದೇ ಅದನ್ನು 200 ದಾಟಿಸಬಹುದು. ದಾಟಿತೋ, ಪೂರ್ತಿ ಬಿಲ್. ನಮ್ಮನೆಯಲ್ಲಿ ಡಿಸಿ ಪಂಪ್ ಬಂದದ್ದು ಮೀನಿನ ಮೇಲಿನ ಪ್ರೀತಿಗಲ್ಲ, ಈ ಲೆಕ್ಕಕ್ಕೆ.

ಡಿಸಿ ಕೊಂಡವರು ಒಂದು ಕಡೆ ಎಡವುತ್ತಾರೆ. ದೊಡ್ಡದೇ ಇರಲಿ, ಅರ್ಧ ವೇಗದಲ್ಲಿ ಓಡಿಸೋಣ ಎಂದು ತರುತ್ತಾರೆ. ವೇಗ ಅರ್ಧವಾದರೆ ಪಂಪ್ ಎತ್ತುವ ಎತ್ತರ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. 3 ಮೀಟರ್ ಎತ್ತುವ ಪಂಪ್ ಅರ್ಧ ವೇಗದಲ್ಲಿ 75 ಸೆಂ.ಮೀ. ಮಾತ್ರ ಎತ್ತುತ್ತದೆ. ಸಂಪಿನಲ್ಲಿ ಮೋಟಾರ್ ಗುಂಯ್ ಎನ್ನುತ್ತಿರುತ್ತದೆ, ಮೇಲೆ ಒಂದು ಹನಿ ಬರುವುದಿಲ್ಲ. ಪಂಪ್ ಕೆಟ್ಟಿದೆ ಎಂದು ಅಂಗಡಿಗೆ ವಾಪಸ್ ಒಯ್ದವರಿದ್ದಾರೆ.

ಅರ್ಧ ಎಚ್‌ಪಿ ನೀರಿನ ಮೋಟಾರ್ ಮನೆಯಲ್ಲಿ ಸುಮ್ನೆ ಬಿದ್ದಿದೆ, ಹಾಕಬಹುದಾ ಎಂದು ಕೇಳುವವರೂ ಇದ್ದಾರೆ. ಬೇಡ.

ಬೋರ್‌ವೆಲ್ ನೀರಿನವರು ಯಾವ ಪಂಪ್ ಕೊಂಡರೂ ಬಿಚ್ಚಲು ಸುಲಭವಾಗಿರುವುದನ್ನು ಕೊಳ್ಳಿ. ಗಡಸು ನೀರಿನ ಸುಣ್ಣ ಒಳಗಿನ ಚಕ್ರಕ್ಕೆ, ಕಡ್ಡಿಗೆ ಬೆಳ್ಳಗೆ ಕಟ್ಟುತ್ತದೆ. ಆಗಾಗ ಬಿಚ್ಚಿ ವಿನೆಗರ್‌ನಲ್ಲಿ ನೆನೆಹಾಕಿ ತೊಳೆಯಬೇಕು. ಪಂಪಿನ ಪಕ್ಕ ಪೈಪಿಗೆ ಒಂದು ಯೂನಿಯನ್ (ತಿರುಗಿಸಿ ಬಿಚ್ಚುವ ಜೋಡಣೆ) ಹಾಕಿಸಿಕೊಂಡಿದ್ದರೆ ಆ ದಿನ ಬೈಗುಳ ಕಡಿಮೆ.

ಎರಡು ಕೆಟ್ಟ ದಿನಗಳ ಲೆಕ್ಕ

ಮೊದಲನೆಯದು, ಕರೆಂಟ್ ಹೋದ ದಿನ. ಪಂಪ್ ನಿಂತ ಕೂಡಲೇ, ಮೇಲಕ್ಕೆ ಹೋಗುವ ಪೈಪ್ ಹಿಮ್ಮುಖ ಸೈಫನ್ ಆಗಿ ಟ್ಯಾಂಕಿನ ನೀರನ್ನು ಸಂಪಿಗೆ ಎಳೆಯುತ್ತದೆ. ಪೈಪಿನ ಬಾಯಿ ಎಷ್ಟು ಆಳ ಮುಳುಗಿದೆಯೋ ಅಷ್ಟೂ ನೀರು. ನನ್ನ ಟ್ಯಾಂಕಿನಲ್ಲಿ 1 ಸೆಂ.ಮೀ. ಎಂದರೆ 5.4 ಲೀಟರ್. ಬಾಯಿ 5 ಸೆಂ.ಮೀ. ಮುಳುಗಿದ್ದರೆ 27 ಲೀಟರ್, ಪೈಪು ಬಾಕ್ಸುಗಳಲ್ಲಿರುವ ಮೂರು ಸೇರಿ 30. ನನ್ನ ಸಂಪಿನ ಅಳತೆ 90 ಮತ್ತು 35 ಸೆಂ.ಮೀ., ಅಲ್ಲಿ 1 ಸೆಂ.ಮೀ. ಎಂದರೆ 3.15 ಲೀಟರ್. ಅಂದರೆ ಸಂಪಿನ ನೀರು ಒಂಬತ್ತೂವರೆ ಸೆಂ.ಮೀ. ಏರುತ್ತದೆ. ಅಷ್ಟು ಜಾಗ ಯಾವಾಗಲೂ ಖಾಲಿ ಇರಬೇಕು. ಬಾಯಿಯನ್ನು ನೀರಿನ ಮಟ್ಟಕ್ಕೆ ಹತ್ತಿರ ತಂದರೆ, ಇಲ್ಲವೇ ಮಟ್ಟದ ಸ್ವಲ್ಪ ಕೆಳಗೆ ಪೈಪಿಗೆ ಒಂದು ಚಿಕ್ಕ ತೂತು ಕೊರೆದರೆ, ಗಾಳಿ ಸೇರಿ ಸೈಫನ್ ಬೇಗ ಕಡಿಯುತ್ತದೆ. ನೀರು ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವ್ ಇದೆಯಲ್ಲ ಎನ್ನಬೇಡಿ. ಒಂದು ಬಸವನಹುಳು ಅದರ ಬಾಗಿಲಲ್ಲಿ ಕೂತರೆ ಮುಗಿಯಿತು.

ಎರಡನೆಯದು, ಡ್ರೈನ್ ಕಟ್ಟಿಕೊಂಡ ದಿನ. ಆಗ ಪಂಪ್ ತನ್ನ ಖಾನೆಯಲ್ಲಿರುವ ನೀರನ್ನಷ್ಟೇ ಮೇಲಕ್ಕೆ ಕಳಿಸಬಲ್ಲದು. ಈಗ ನನ್ನ ಸಂಪಿನ ಕೊನೆಯ ಖಾನೆ 20 ಮತ್ತು 35 ಸೆಂ.ಮೀ., ಪಂಪ್ ಬಾಯಿಯ ಮೇಲಿರುವ ನೀರು 15 ಸೆಂ.ಮೀ. ಒಟ್ಟು ಹತ್ತೂವರೆ ಲೀಟರ್. ಮೇಲಿನ ಟ್ಯಾಂಕ್ ಅದಕ್ಕೆ 2 ಸೆಂ.ಮೀ. ಏರುತ್ತದೆ. ಮೊದಲು ನಾನು ಅಂಚಿಗೆ ಒಂದು ಬೆರಳಷ್ಟು ಕೂಡ ಬಿಡದೆ ತುಂಬಿಸಿದ್ದೆ, ನೋಡಲು ಚೆಂದ ಎಂದು. ಈಗ 3 ಸೆಂ.ಮೀ. ಬಿಟ್ಟಿದ್ದೇನೆ. ಪಂಪ್ ಖಾನೆ ದೊಡ್ಡದಿದ್ದಷ್ಟು ಒಳ್ಳೆಯದು ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ. ಚಿಕ್ಕ ಖಾನೆಯಲ್ಲಿ ನೀರು ಆರುವುದು ಬೇಗ ಗೊತ್ತಾಗುತ್ತದೆ, ದಿನಾ ಒಂದು ಚೊಂಬು ಹಾಕಬೇಕಾಗುತ್ತದೆ, ಅಷ್ಟೇ.

ಓವರ್‌ಫ್ಲೋ ಬಾಕ್ಸಿಗೆ ನೀರು ದಾಟುವ ಅಂಚಿನ ಬಾಚಣಿಗೆಯಂಥ ಹಲ್ಲುಗಳ ಅಗಲದ ಬಗ್ಗೆ ಬಹಳ ಚರ್ಚೆ ಬೇಕಿಲ್ಲ. ಹಲ್ಲುಗಳ ಸಂದಿಯನ್ನೆಲ್ಲ ಕೂಡಿಸಿ 30 ಸೆಂ.ಮೀ. ಇದ್ದರೆ, ಗಂಟೆಗೆ 2000 ಲೀಟರ್ ಹರಿದರೂ ಅದರ ಮೇಲೆ ನಿಲ್ಲುವುದು 1 ಸೆಂ.ಮೀ. ನೀರು.

ಮೀನು ಬಿಡುವ ಮೊದಲು

ಒಂದು ರಜೆಯ ದಿನ ಟ್ಯಾಂಕಿಗೆ ಬರೀ ನೀರು ತುಂಬಿ, ಸುತ್ತ ಹಳೇ ಟವೆಲ್ ಹಾಸಿ, ವೈರುಗಳನ್ನು ಪ್ಲಗ್ಗಿಗಿಂತ ಕೆಳಗೆ ಜೋಲುವಂತೆ ಇಳಿಬಿಡಿ. ವೈರಿನ ಮೇಲೆ ಹರಿದ ನೀರು ಪ್ಲಗ್ಗಿಗೆ ಹೋಗದೆ ಅಲ್ಲೇ ತೊಟ್ಟಿಕ್ಕುತ್ತದೆ. ಪಂಪ್ ಹಾಕಿ, ಮಟ್ಟ ನಿಂತ ಮೇಲೆ ಸಂಪಿನ ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆಯಿರಿ. ಸ್ವಿಚ್ ಆಫ್ ಮಾಡಿ, ಎಲ್ಲಿಯವರೆಗೆ ಏರಿತು ನೋಡಿ ಇನ್ನೊಂದು ಗೆರೆ. ಮತ್ತೆ ಆನ್ ಮಾಡಿ, ಸೈಫನ್ ತಾನಾಗಿ ಹಿಡಿಯಿತಾ ನೋಡಿ. ಹೀಗೆ ನಾಲ್ಕೈದು ಸಲ.

ಆಮೇಲೆ ಮುಖ್ಯ ಪೈಪಿನ ಬಾಯಿಗೆ ಒದ್ದೆ ಬಟ್ಟೆ ತುರುಕಿ. ಇದನ್ನು ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ, ಆದರೆ ಮಾಡಲೇಬೇಕು. ಆಪತ್ತಿನ ಪೈಪ್ ಜೋರಾಗಿ ಸದ್ದು ಮಾಡುತ್ತಾ ಪೂರ್ತಿ ನೀರನ್ನು ಇಳಿಸಬೇಕು. ಆ ಸದ್ದು ಒಳ್ಳೆಯದೇ, ರಾತ್ರಿ ಎಬ್ಬಿಸುವುದು ಅದೇ. ಬಟ್ಟೆ ತೆಗೆಯುವ ಮೊದಲು ಆಪತ್ತಿನ ಪೈಪಿನ ಬಾಯಿಗೂ ಅಡ್ಡ ಹಿಡಿದು, ಪಂಪ್ ಖಾನೆ ಖಾಲಿಯಾಗುವವರೆಗೆ ಮೇಲಿನ ಅಂಚನ್ನು ನೋಡುತ್ತಾ ನಿಲ್ಲಿ. ಖಾನೆ ಖಾಲಿಯಾದ ತಕ್ಷಣ ಪಂಪ್ ಆಫ್ ಮಾಡಿ, ಒಣಗಿ ಓಡಬಾರದು.

ಕೊನೆಗೆ ಬಕೆಟ್. ಮೇಲಿನ ಪೈಪಿನ ಬಾಯಿಯನ್ನು 20 ಲೀಟರ್ ಬಕೆಟ್ಟಿಗೆ ತಿರುಗಿಸಿ, ಫೋನಿನಲ್ಲಿ ಸೆಕೆಂಡ್ ಎಣಿಸಿ. ಖಾನೆಯ ನೀರು ಮುಗಿಯದಂತೆ ಇನ್ನೊಬ್ಬರು ಸಂಪಿಗೆ ನೀರು ಸುರಿಯುತ್ತಿರಲಿ. 48 ಸೆಕೆಂಡಿಗೆ ತುಂಬಿದರೆ ಗಂಟೆಗೆ 1500 ಲೀಟರ್. ನಿಮಿಷ ತಗೊಂಡರೆ 1200. ಆ ಅಂಕಿಯನ್ನು ತಾರೀಕಿನ ಜೊತೆ ಸ್ಟ್ಯಾಂಡಿನ ಬಾಗಿಲ ಒಳಗಡೆ ಬರೆದಿಡಿ. ನನ್ನ ಬಾಗಿಲಲ್ಲಿ ಮೊದಲ ಅಂಕಿ 57 ಸೆಕೆಂಡ್, ಆರು ತಿಂಗಳ ಹಿಂದೆ ಬರೆದ ಎರಡನೆಯದು 71. ಎರಡನೆಯದರ ದಿನವೇ ಪಂಪ್ ಬಿಚ್ಚಿ ವಿನೆಗರ್‌ಗೆ ಹಾಕಿದ್ದೆ.